ಹಳೇ ಎಕ್ಸ್‌ಪಿಗೆ ಹೊಸ ಬೋರ್ಡಿನ ಪರಿಚಯ ಮಾಡಿಸಿದ್ದು

ನನ್ನ ಹತ್ತಿರ ಒಂದು ಫಿಲಂ ಸ್ಕ್ಯಾನರ್ ಇದೆ. ನೆಗೆಟಿವ್, ಸ್ಲೈಡ್ ಎಲ್ಲ ಸ್ಕ್ಯಾನ್ ಮಾಡುತ್ತದೆ. ಸ್ಕಸಿ ಎಂಬ, ಯುಎಸ್‌ಬಿಗಿಂತ ಹಳೆಯ ಜೋಡಣೆಯ ಕೇಬಲ್ಲಿನ ಕಾಲದ್ದು. ಅದನ್ನು ಓಡಿಸುತ್ತಿದ್ದ ಕಂಪ್ಯೂಟರಿನ ಮದರ್‌ಬೋರ್ಡ್ ಸತ್ತಿತು, ಕೆಪಾಸಿಟರ್‌ಗಳು ಉಬ್ಬಿಕೊಂಡಿದ್ದವು. ಸ್ಕ್ಯಾನರ್ ಮಾತ್ರ ಗಟ್ಟಿಮುಟ್ಟಾಗಿದೆ. ಅದರ ಪ್ರೋಗ್ರಾಂ ವಿಂಡೋಸ್ ಎಕ್ಸ್‌ಪಿಗೇ ನಿಂತುಹೋಗಿದೆ, ಮುಂದಿನ ಆವೃತ್ತಿ ಬರಲೇ ಇಲ್ಲ. 64 ಬಿಟ್ ವಿಂಡೋಸ್ 32 ಬಿಟ್ ಡ್ರೈವರನ್ನು (ಸಾಧನದ ಜೊತೆ ಮಾತಾಡಲು ವಿಂಡೋಸ್‌ಗೆ ಬೇಕಾದ ಪ್ರೋಗ್ರಾಂ) ಹತ್ತಿರಕ್ಕೂ ಸೇರಿಸುವುದಿಲ್ಲ. ಹಾಗಾಗಿ ಎಕ್ಸ್‌ಪಿಯನ್ನೇ ಹೊಸ ಬೋರ್ಡಿನ ಮೇಲೆ ಕೂರಿಸುವುದು ಅಂತ ಹೊರಟೆ.

ವರ್ಚುವಲ್ ಮಷೀನ್, ಅಂದರೆ ಹೊಸ ವಿಂಡೋಸ್‌ನ ಒಳಗೇ ಓಡುವ ನಕಲಿ ಕಂಪ್ಯೂಟರ್, ಹಾಕ್ಬಾರ್ದಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಹಳೇ ಲೆಕ್ಕದ ಪ್ರೋಗ್ರಾಂ, ಹಳೇ ಆಟ ಇಂಥದ್ದಕ್ಕೆ ಅದೇ ಸರಿ, ಈ ಬರಹ ಓದುವ ಅಗತ್ಯವೇ ಇಲ್ಲ. ನನ್ನ ಸ್ಕ್ಯಾನರಿನ ಕೇಬಲ್ ಸೇರುವುದು ಬೋರ್ಡಿನ ಪಿಸಿಐ ಎಂಬ ಹಳೇ ಬಗೆಯ ಸ್ಲಾಟಿನಲ್ಲಿ ಕೂರುವ ಸ್ಕಸಿ ಕಾರ್ಡಿಗೆ. ವರ್ಚುವಲ್ ಮಷೀನಿನ ಒಳಗೆ ಇರುವುದೆಲ್ಲ ನಕಲಿ ಹಾರ್ಡ್‌ವೇರ್, ಆ ಕಾರ್ಡ್ ಸುಮ್ನೆ ಒಳಗೆ ಕಾಣುವುದಿಲ್ಲ. ಲಿನಕ್ಸ್‌ನಲ್ಲೂ ನೋಡಿದೆ. ಕಾರ್ಡನ್ನು ಗುರುತಿಸಿತು, ಸ್ಕ್ಯಾನರನ್ನೂ ಗುರುತಿಸಿತು. ಆದರೆ ನೆಗೆಟಿವ್ ಮೇಲಿನ ಧೂಳು, ಗೀರು ಅಳಿಸುವ ಕೆಲಸವನ್ನು ಕಂಪನಿಯ ಪ್ರೋಗ್ರಾಂ ಮಾಡುವಷ್ಟು ಚೆನ್ನಾಗಿ ಅಲ್ಲಿ ಮಾಡಿಸಲು ನನ್ನಿಂದ ಆಗಲಿಲ್ಲ.

ಸಿಕ್ಕಿದ್ದು ಇಂಟೆಲ್‌ನ ನಾಲ್ಕನೇ ತಲೆಮಾರಿನ ಪ್ರೊಸೆಸರ್ ಹಿಡಿಯುವ ಬೋರ್ಡ್. 2013ರಲ್ಲಿ ಬಂದ ಹ್ಯಾಸ್‌ವೆಲ್ ಪೈಕಿ, 8 ಸೀರೀಸ್ ಚಿಪ್‌ಸೆಟ್ (ಪ್ರೊಸೆಸರಿಗೆ ಡಿಸ್ಕ್, ಯುಎಸ್‌ಬಿ ಮುಂತಾದವನ್ನು ಜೋಡಿಸುವ ಚಿಪ್). ಒಂದೇ ಒಂದು ಹಳೇ ಪಿಸಿಐ ಸ್ಲಾಟ್ ಇತ್ತು, ಅದಕ್ಕೇ ತೆಗೆದುಕೊಂಡೆ. ಎಕ್ಸ್‌ಪಿ ಬಂದದ್ದು 2001ರಲ್ಲಿ. ಮೈಕ್ರೋಸಾಫ್ಟ್ ಅದಕ್ಕೆ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ್ದು 2014ರ ಏಪ್ರಿಲ್ 8ಕ್ಕೆ. ಲೆಕ್ಕದ ಪ್ರಕಾರ ಈ ಬೋರ್ಡ್ ಹುಟ್ಟಿದಾಗ ಎಕ್ಸ್‌ಪಿ ಇನ್ನೂ ಉಸಿರಾಡುತ್ತಿತ್ತು. ಆದರೆ ಬೋರ್ಡ್ ಮಾಡಿದವರ ಡೌನ್‌ಲೋಡ್ ಪುಟದಲ್ಲಿ ಪಟ್ಟಿ ವಿಂಡೋಸ್ 7ರಿಂದಲೇ ಶುರು. ಜೊತೆಗೆ ಬಂದ ಸಿಡಿಯಲ್ಲೂ ಅಷ್ಟೇ.

ಈ ಹಂತದಲ್ಲಿ ಎಲ್ಲರೂ ಮಾಡುವುದು ಒಂದೇ. ಬೋರ್ಡಿನ ಹೆಸರು, ಪಕ್ಕದಲ್ಲಿ ‘ಎಕ್ಸ್‌ಪಿ ಡ್ರೈವರ್’ ಅಂತ ಬರೆದು ಹುಡುಕುವುದು. ಬರುವ ಉತ್ತರಗಳಲ್ಲಿ ಮುಕ್ಕಾಲು ಪಾಲು ಒಂದೇ ಜಾತಿಯವು. ದೊಡ್ಡ ಹಸಿರು ಡೌನ್‌ಲೋಡ್ ಬಟನ್ ಇರುತ್ತದೆ. ಒತ್ತಿದರೆ ಬರುವುದು ಡ್ರೈವರ್ ಅಲ್ಲ, ‘ನಿಮ್ಮ ಕಂಪ್ಯೂಟರನ್ನು ಪರೀಕ್ಷಿಸುತ್ತೇವೆ’ ಎನ್ನುವ ಇನ್ನೊಂದು ಪ್ರೋಗ್ರಾಂ. ಪರೀಕ್ಷೆ ಮುಗಿದ ಮೇಲೆ ದುಡ್ಡು ಕೇಳುತ್ತದೆ. ಇಂಥದ್ದನ್ನು ಯಾವ ಯಂತ್ರಕ್ಕೂ ಹಾಕಬೇಡಿ. ಡ್ರೈವರ್ ಅಂದರೆ ಕರ್ನಲ್ ಒಳಗೆ, ಅಂದರೆ ವಿಂಡೋಸ್‌ನ ತಿರುಳಿನಲ್ಲೇ ಕೂತು ಓಡುವ ಕೋಡ್. ಅಲ್ಲಿಗೆ ಯಾರನ್ನು ಬಿಡುತ್ತೀರಿ ಅಂತ ನೋಡಿಕೊಳ್ಳಬೇಕು ಅಲ್ವಾ?

ಬೋರ್ಡಿನ ಹೆಸರಿಟ್ಟುಕೊಂಡು ಹುಡುಕುವುದರಲ್ಲಿ ಅರ್ಥವಿಲ್ಲ ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ಬೋರ್ಡಿಗೆ ಅಂತ ಯಾರೂ ಡ್ರೈವರ್ ಬರೆಯುವುದಿಲ್ಲ. ಬರೆಯುವುದು ಅದರ ಮೇಲಿರುವ ಚಿಪ್‌ಗಳಿಗೆ. ಸೌಂಡ್ ಚಿಪ್ ಒಬ್ಬರದು, ನೆಟ್‌ವರ್ಕ್ ಚಿಪ್ ಇನ್ನೊಬ್ಬರದು, ಡಿಸ್ಕ್ ಕಂಟ್ರೋಲರ್ ಚಿಪ್‌ಸೆಟ್ಟಿನ ಒಳಗೇ ಇರುತ್ತದೆ. ಅದೇ ಚಿಪ್ ನೂರಾರು ಬೋರ್ಡುಗಳ ಮೇಲೆ ಕೂತಿರುತ್ತದೆ. ಅವುಗಳಲ್ಲಿ ಯಾವುದೋ ಒಂದಕ್ಕೆ ಯಾರೋ ಎಕ್ಸ್‌ಪಿ ಡ್ರೈವರ್ ಕೊಟ್ಟಿದ್ದರೆ ಸಾಕು, ನಮ್ಮ ಕೆಲಸ ಆಯಿತು. ಹಾಗಾಗಿ ಹುಡುಕಬೇಕಾದ್ದು ಚಿಪ್ಪಿನ ಗುರುತಿನ ಸಂಖ್ಯೆಯನ್ನು.

ಅದನ್ನು ತಿಳಿಯಲು ಎಕ್ಸ್‌ಪಿ ಹಾಕುವವರೆಗೂ ಕಾಯಬೇಕಿಲ್ಲ. ಲಿನಕ್ಸ್ ಇರುವ ಪೆನ್ ಡ್ರೈವಿನಿಂದ ಯಂತ್ರವನ್ನು ಶುರು ಮಾಡಿ, ಟರ್ಮಿನಲ್ ತೆಗೆದು ‘ಎಲ್ಎಸ್‌ಪಿಸಿಐ’ ಎಂಬ ಆದೇಶಕ್ಕೆ ‘-ಎನ್ಎನ್’ ಸೇರಿಸಿ ಕೊಟ್ಟೆ. ಬೋರ್ಡಿನ ಮೇಲೆ ಇರುವುದೆಲ್ಲ ಸಾಲಾಗಿ ಬಂತು. ಪ್ರತಿ ಸಾಲಿನಲ್ಲೂ ನಾಲ್ಕು ಅಂಕಿ, ಒಂದು ಕೋಲನ್, ಮತ್ತೆ ನಾಲ್ಕು ಅಂಕಿ. ಹದಿನಾರರ ಲೆಕ್ಕ ಇದು, ಎಯಿಂದ ಎಫ್‌ವರೆಗಿನ ಅಕ್ಷರಗಳೂ ಅಂಕಿಗಳೇ. ಮೊದಲ ನಾಲ್ಕು ಕಂಪನಿಯದು, ನಂತರದ ನಾಲ್ಕು ಚಿಪ್ಪಿನದು. ಇಂಟೆಲ್‌ನ ಸಂಖ್ಯೆ 8086. ತಮ್ಮದೇ ಹಳೇ ಪ್ರೊಸೆಸರಿನ ನಂಬರನ್ನು ಗುರುತಾಗಿ ಇಟ್ಟುಕೊಂಡಿದ್ದಾರೆ, ತಮಾಷೆಯಾಗಿದೆ. ಎನ್‌ವಿಡಿಯಾ 10ಡಿಇ, ರಿಯಲ್‌ಟೆಕ್ 10ಇಸಿ, ಎಟಿಐ ಕಾಲದಿಂದ ಬಂದ ಎಎಂಡಿ ಗ್ರಾಫಿಕ್ಸ್ 1002. ಸ್ವಲ್ಪ ದಿನ ಈ ಕೆಲಸದಲ್ಲಿ ಇದ್ದರೆ ಇವು ಬಾಯಿಪಾಠ ಆಗಿಬಿಡುತ್ತವೆ.

ವಿಂಡೋಸ್‌ನಲ್ಲೂ ಇದೇ ಸಂಖ್ಯೆ ಸಿಗುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿರುವ (ಡ್ರೈವರ್ ಇಲ್ಲದ ಅಥವಾ ತೊಂದರೆ ಇರುವ ಸಾಧನದ) ಸಾಲಿನ ಪ್ರಾಪರ್ಟೀಸ್ ತೆಗೆದು, ಡೀಟೇಲ್ಸ್ ಟ್ಯಾಬ್‌ಗೆ ಹೋದರೆ ‘ವೆನ್’ (ಕಂಪನಿ), ‘ಡೆವ್’ (ಚಿಪ್) ಅಂತ ಕಾಣುತ್ತದೆ. ಅದರ ಬಾಲಕ್ಕೆ ‘ಸಬ್‌ಸಿಸ್’, ‘ರೆವ್’ ಅಂತ ಇನ್ನೆರಡು. ಸಬ್‌ಸಿಸ್ ಅಂದರೆ ಯಾವ ಬೋರ್ಡಿನವರು ಆ ಚಿಪ್ ಕೂರಿಸಿದರು ಅಂತ. ರೆವ್ ಅಂದರೆ ಚಿಪ್ಪಿನ ಎಷ್ಟನೇ ಪರಿಷ್ಕರಣೆ ಅಂತ. ಇವೆರಡೂ ಎಷ್ಟೋ ಸಲ ಹುಡುಕಾಟವನ್ನು ದಾರಿ ತಪ್ಪಿಸುತ್ತವೆ. ಉದ್ದದ ಸಾಲನ್ನು ಪೂರ್ತಿ ಕಾಪಿ ಮಾಡಿ ಹುಡುಕಿದರೆ ಏನೂ ಸಿಗುವುದಿಲ್ಲ. ವೆನ್, ಡೆವ್ ಎರಡನ್ನೇ ಇಟ್ಟುಕೊಂಡು ಹುಡುಕಿದರೆ ಸಿಗುತ್ತದೆ.

ಎಲ್ಲಿ ಹುಡುಕುವುದು? ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮೈಕ್ರೋಸಾಫ್ಟ್‌ನವರದೇ ಅಪ್‌ಡೇಟ್ ಕ್ಯಾಟಲಾಗ್. ಅಲ್ಲಿ ವೆನ್, ಡೆವ್ ಸಾಲನ್ನೇ ಹಾಕಿ ಹುಡುಕಬಹುದು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಸಿಗುವುದು ಕ್ಯಾಬ್ ಕಡತ, ಸೆವೆನ್‌ಜಿಪ್‌ನಲ್ಲಿ ಬಿಚ್ಚಿಕೊಳ್ಳುತ್ತದೆ. ಆದರೆ ಹಳೆಯದು ಎಲ್ಲವೂ ಉಳಿದಿಲ್ಲ. ಶಾ-1 ಎಂಬ ಹಳೇ ವಿಧಾನದ ಡಿಜಿಟಲ್ ಸಹಿ ಇದ್ದ ಕಡತಗಳನ್ನು ಮೈಕ್ರೋಸಾಫ್ಟ್ 2020ರ ಆಗಸ್ಟ್‌ನಲ್ಲಿ ತನ್ನ ಡೌನ್‌ಲೋಡ್ ಸೆಂಟರಿನಿಂದ ತೆಗೆಯಿತು. ಎಕ್ಸ್‌ಪಿ ಕಾಲದ ಸಾಮಾನೆಲ್ಲ ಹೆಚ್ಚುಕಮ್ಮಿ ಆ ಸಹಿಯದ್ದೇ. ಹಾಗೆ ಹೋದದ್ದಕ್ಕೆ ಇಂಟರ್ನೆಟ್ ಆರ್ಕೈವ್ ಗತಿ. ಅವರ ವೇಬ್ಯಾಕ್ ಮಷೀನ್‌ನಲ್ಲಿ ಹಳೇ ಡೌನ್‌ಲೋಡ್ ಪುಟ ತೆರೆದುಕೊಳ್ಳುತ್ತದೆ, ಆದರೆ ಲಿಂಕ್ ಒತ್ತಿದಾಗ ದೊಡ್ಡ ಜಿಪ್ ಉಳಿದಿದೆಯೋ ಇಲ್ಲವೋ ಅನ್ನುವುದು ಅದೃಷ್ಟ. ಜಿಪ್ ಸಿಗದಿದ್ದರೂ ಕಡತದ ಪೂರ್ತಿ ಹೆಸರು ಸಿಗುತ್ತದೆ, ಅದನ್ನಿಟ್ಟುಕೊಂಡು ಬೇರೆ ಕಡೆ ಹುಡುಕಬಹುದು. ಇನ್ನೊಂದು ಗಣಿ ಅಂದರೆ ಹಳೇ ಬೋರ್ಡುಗಳ ಜೊತೆ ಬರುತ್ತಿದ್ದ ಡ್ರೈವರ್ ಸಿಡಿಗಳ ಐಎಸ್ಒ, ಅಂದರೆ ಇಡೀ ಸಿಡಿಯ ನಕಲು ಇರುವ ಕಡತ. ಯಾರ್ಯಾರೋ ಅವನ್ನು ಆರ್ಕೈವ್‌ಗೆ ಏರಿಸಿದ್ದಾರೆ. ನಮ್ಮ ಬೋರ್ಡಿನದೇ ಆಗಬೇಕು ಅಂತೇನಿಲ್ಲ, ಅದೇ ಚಿಪ್ ಇರುವ ಯಾವ ಬೋರ್ಡಿನದಾದರೂ ಸರಿ.

ಇದನ್ನೆಲ್ಲ ಬೇರೆ ಕಂಪ್ಯೂಟರಿನಲ್ಲೇ ಮಾಡಬೇಕು. ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಈಗಿನ ಎಚ್‌ಟಿಟಿಪಿಎಸ್ ಅರ್ಥವಾಗುವುದಿಲ್ಲ, ಹೆಚ್ಚಿನ ತಾಣಗಳು ತೆರೆಯುವುದೇ ಇಲ್ಲ. ಪೆನ್ ಡ್ರೈವ್ ಕೂಡ ಫ್ಯಾಟ್32 ಎಂಬ ಹಳೇ ವಿಧಾನಕ್ಕೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಎಕ್ಸ್‌ಫ್ಯಾಟ್ ಓದಲು ಎಕ್ಸ್‌ಪಿಗೆ ಪ್ರತ್ಯೇಕ ಅಪ್‌ಡೇಟ್ ಬೇಕು.

ಇನ್ನು ಬಯಾಸ್, ಅಂದರೆ ವಿಂಡೋಸ್‌ಗಿಂತ ಮುಂಚೆ ಬೋರ್ಡನ್ನು ಎಬ್ಬಿಸುವ ಪ್ರೋಗ್ರಾಂ. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ್ದನ್ನು ಏಳಲು ಬಿಡದ ಕಾವಲು) ಆಫ್, ಸಿಎಸ್‌ಎಂ ಆನ್. ಬಯಾಸ್‌ನ ಹೊಸ ರೂಪವಾದ ಯುಇಎಫ್ಐ ಇರುವ ಬೋರ್ಡ್ ಹಳೇ ಬಯಾಸ್ ಥರ ನಟಿಸುವುದು ಈ ಸಿಎಸ್‌ಎಂನಿಂದಲೇ, ಅದಿಲ್ಲದೆ ಎಕ್ಸ್‌ಪಿ ಏಳುವುದೇ ಇಲ್ಲ. ಡಿಸ್ಕಿನ ಭಾಗಗಳ ಪಟ್ಟಿ ಹೊಸ ಜಿಪಿಟಿ ಬಗೆಯದಾಗಿದ್ದರೆ ಹಳೇ ಎಂಬಿಆರ್ ಬಗೆಯದು ಮಾಡಿಕೊಳ್ಳಬೇಕು, 32 ಬಿಟ್ ಎಕ್ಸ್‌ಪಿಗೆ ಜಿಪಿಟಿ ಓದಲು ಬರುವುದಿಲ್ಲ. ಯುಎಸ್‌ಬಿ 3.0 ಕಂಟ್ರೋಲರನ್ನೂ ಆಫ್ ಮಾಡಿದೆ. ಆಗ ಪೋರ್ಟುಗಳೆಲ್ಲ ಹಳೇ ಯುಎಸ್‌ಬಿ 2.0 ಕಂಟ್ರೋಲರ್ ಕೈಗೆ ಬರುತ್ತವೆ, ಅದು ಎಕ್ಸ್‌ಪಿಗೆ ಗೊತ್ತು.

ನಿಜವಾದ ಕಥೆ ಇರುವುದು ಸಾಟಾ ಡಿಸ್ಕಿನಲ್ಲಿ. ಬಯಾಸ್‌ನಲ್ಲಿ ಎರಡು ಆಯ್ಕೆ ಇತ್ತು, ಡಿಸ್ಕಿನ ಜೊತೆ ಮಾತಾಡುವ ಹಳೇ ವಿಧಾನ ಐಡಿಇ ಮತ್ತು ಹೊಸ ವಿಧಾನ ಎಎಚ್‌ಸಿಐ. ನಾನು ಮೊದಲು ಎಎಚ್‌ಸಿಐನಲ್ಲೇ ಇಟ್ಟು, ಏನೂ ಸೇರಿಸದ ಎಕ್ಸ್‌ಪಿ ಸಿಡಿ ಹಾಕಿ ನೋಡಿದೆ, ಏನಾಗುತ್ತದೆ ಅಂತ ಗೊತ್ತಿದ್ದೂ. ನೀಲಿ ಪರದೆಯ ಮೇಲೆ ಒಂದೊಂದೇ ಕಡತ ಲೋಡ್ ಆಗಿ, ಕೆಳಗೆ ‘ಸೆಟಪ್ ಈಸ್ ಸ್ಟಾರ್ಟಿಂಗ್ ವಿಂಡೋಸ್’ ಅಂತ ಬಂತು. ಅದರ ಹಿಂದೆಯೇ ಸ್ಟಾಪ್ ಸಂದೇಶ. ಸೊನ್ನೆಗಳ ಸಾಲು, ಕೊನೆಯಲ್ಲಿ 7ಬಿ. ಬೂಟ್ ಆಗುವ ಡಿಸ್ಕ್ ಕೈಗೆ ಸಿಗುತ್ತಿಲ್ಲ ಅಂತ ಅದರ ಅರ್ಥ. ಈ ಪರದೆ ನೋಡಿ ಡಿಸ್ಕ್ ಹಾಳಾಗಿದೆ ಅಂದುಕೊಂಡು ಹೊಸ ಡಿಸ್ಕ್ ಕೊಂಡವರಿದ್ದಾರೆ. ಡಿಸ್ಕಿಗೆ ಏನೂ ಆಗಿರುವುದಿಲ್ಲ.

ಆಮೇಲೆ ಐಡಿಇಗೆ ಬದಲಾಯಿಸಿ ಅದೇ ಸಿಡಿ ಹಾಕಿದರೆ ಸೆಟಪ್ ತಕರಾರಿಲ್ಲದೆ ಮುಂದಕ್ಕೆ ಹೋಯಿತು. ಯಾಕೆ ಅಂತ ನೋಡಬೇಕಾದರೆ ಮತ್ತೆ ಲಿನಕ್ಸ್‌ಗೆ ಹೋಗಿ ಸಂಖ್ಯೆ ನೋಡಬೇಕು. ಎಎಚ್‌ಸಿಐ ಇದ್ದಾಗ ಆ ಕಂಟ್ರೋಲರ್ ತನ್ನನ್ನು 8ಸಿ02 ಅಂತ ಹೇಳಿಕೊಳ್ಳುತ್ತದೆ. ಐಡಿಇ ಮಾಡಿದರೆ ಅದೇ ಚಿಪ್ 8ಸಿ00 ಅನ್ನುತ್ತದೆ. ಬಯಾಸ್‌ನಲ್ಲಿ ಒಂದು ಆಯ್ಕೆ ಬದಲಿಸಿದ್ದಕ್ಕೆ ಹೆಸರೇ ಬದಲಾಯಿತು. ಅಷ್ಟೇ ಅಲ್ಲ, ಪ್ರತಿ ಚಿಪ್ಪಿಗೂ ತಾನು ಯಾವ ವರ್ಗದ ಸಾಧನ ಎಂದು ಹೇಳುವ ಇನ್ನೊಂದು ಸಂಖ್ಯೆ ಇರುತ್ತದೆ, ಕ್ಲಾಸ್ ಕೋಡ್. 0101 ಅಂದರೆ ಐಡಿಇ, 0106 ಅಂದರೆ ಸಾಟಾ. ಚಿಪ್ಪಿನ ಹೆಸರು ಗೊತ್ತಿಲ್ಲದಿದ್ದರೂ 0101 ಕಂಡರೆ ಸಾಕು, ಎಕ್ಸ್‌ಪಿ ತನ್ನ ಸಾಮಾನ್ಯ ಐಡಿಇ ಡ್ರೈವರ್ ಹಾಕಿಬಿಡುತ್ತದೆ. ಎಎಚ್‌ಸಿಐಗೆ ಅಂಥ ಸಾಮಾನ್ಯ ಡ್ರೈವರ್ ಮೈಕ್ರೋಸಾಫ್ಟ್‌ನಿಂದ ಬಂದದ್ದು ಎಕ್ಸ್‌ಪಿಯ ನಂತರದ ವಿಂಡೋಸ್ ಆದ ವಿಸ್ತಾದಲ್ಲಿ.

ಐಡಿಇನಲ್ಲೇ ಬಿಟ್ಟಿದ್ದರೂ ನನ್ನ ಕೆಲಸ ನಡೆಯುತ್ತಿತ್ತು. ನೀವು ಇಂಥದ್ದಕ್ಕೆ ಕೈಹಾಕಿದರೆ ಅಲ್ಲೇ ನಿಲ್ಲಿ ಅಂತಲೇ ಹೇಳುತ್ತೇನೆ. ಆದರೆ ಹಾಕಿದ್ದು ಎಸ್‌ಎಸ್‌ಡಿ, ಅದು ಎಎಚ್‌ಸಿಐನಲ್ಲಿ ಇನ್ನೂ ಚುರುಕು. ಜೊತೆಗೆ ಒಂದು ಹಟ.

ಇಂಟೆಲ್‌ನ ರ್‍ಯಾಪಿಡ್ ಸ್ಟೋರೇಜ್ ಡ್ರೈವರಿನಲ್ಲಿ 11.2 ಆವೃತ್ತಿಯವರೆಗೂ ಎಕ್ಸ್‌ಪಿ ಇದೆ. ಅದರ ಎಫ್6 ಫ್ಲಾಪಿಯ ಕಡತಗಳನ್ನು ಬಿಚ್ಚಿಕೊಂಡೆ. ಸೆಟಪ್ ಶುರುವಿನಲ್ಲಿ ಎಫ್6 ಒತ್ತಿ, ಫ್ಲಾಪಿಯಿಂದ ಡಿಸ್ಕಿನ ಡ್ರೈವರ್ ಕೊಡುವ ವ್ಯವಸ್ಥೆ ಎಕ್ಸ್‌ಪಿಯದು. ಪೆನ್ ಡ್ರೈವ್ ಅದಕ್ಕೆ ಆಗದು, ಫ್ಲಾಪಿಯೇ ಬೇಕು. ಆ ಫೋಲ್ಡರಿನಲ್ಲಿ ‘ಟೆಕ್ಸ್ಟ್‌ಸೆಟಪ್ ಡಾಟ್ ಒಇಎಂ’ ಅನ್ನುವ ಸಣ್ಣ ಕಡತ ಇರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಬರೀ ಅಕ್ಷರ. ಒಂದೊಂದು ಚಿಪ್‌ಸೆಟ್ಟಿಗೂ ಒಂದೊಂದು ತಲೆಬರಹ, ಅದರ ಕೆಳಗೆ ಒಂದೇ ಸಾಲು. ‘ಐಡಿ’ ಅಂತ ಶುರುವಾಗಿ, ಸಮ ಚಿಹ್ನೆ ಬಂದು, ಉದ್ಧರಣ ಚಿಹ್ನೆಯೊಳಗೆ ವೆನ್ 8086, ಡೆವ್ 1ಇ02, ಸಿಸಿ 0106 ಅಂತ ಇರುತ್ತದೆ. ಕೊನೆಗೆ ಒಂದು ಅಲ್ಪವಿರಾಮ, ಆಮೇಲೆ ಡ್ರೈವರಿನ ಹೆಸರು ‘ಐಎಸ್ಟೋರ್’. 1ಇ02 ಅಂದರೆ 7 ಸೀರೀಸ್ ಬೋರ್ಡು. ನನ್ನ ಪ್ಯಾಕೇಜಿನಲ್ಲಿ ಕಂಡ ಅತಿ ಹೊಸ ಡೆಸ್ಕ್‌ಟಾಪ್ ಬೋರ್ಡ್ ಅದೇ. 8ಸಿ02 ಇಲ್ಲ.

ಇಲ್ಲಿ ಒಂದು ಮಾತು ಗಮನಿಸಬೇಕು. ಎಎಚ್‌ಸಿಐ ಎನ್ನುವುದು ಎಲ್ಲರಿಗೂ ಒಂದೇ ಮಾನದಂಡ. 7 ಸೀರೀಸ್ ಕಂಟ್ರೋಲರ್ ಜೊತೆ ಮಾತಾಡಲು ಬರುವ ಡ್ರೈವರಿಗೆ 8 ಸೀರೀಸ್ ಜೊತೆಯೂ ಮಾತಾಡಲು ಬರಬೇಕು. ಬಾರದೆ ಇರುವುದು ಭಾಷೆಯಲ್ಲ. ಮದುವೆ ಮನೆಯ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತವನು ‘ನಿಮ್ಮ ಹೆಸರು ಇದರಲ್ಲಿ ಇಲ್ಲ’ ಅಂದ ಹಾಗೆ. ಊಟವೇನೋ ಒಳಗೆ ಇದ್ದೇ ಇದೆ. ಹಾಗಾಗಿ ಪಟ್ಟಿಗೆ ಹೆಸರು ಸೇರಿಸಿದೆ. 1ಇ02 ಸಾಲನ್ನು ಕಾಪಿ ಮಾಡಿ, ಅದರಡಿಯಲ್ಲಿ ಅಂಟಿಸಿ, ನಾಲ್ಕು ಅಕ್ಷರ ಬದಲಿಸಿ 8ಸಿ02 ಮಾಡಿದೆ.

ಇದನ್ನು ಎರಡು ಕಡೆ ಮಾಡಬೇಕು. ಟೆಕ್ಸ್ಟ್‌ಸೆಟಪ್ ಕಡತ ಓದುವುದು ಸೆಟಪ್ಪಿನ ಮೊದಲ ಭಾಗ, ಆ ನೀಲಿ ಪರದೆಯ ಭಾಗ. ಆಮೇಲೆ ಯಂತ್ರ ರೀಸ್ಟಾರ್ಟ್ ಆಗಿ ಕಿಟಕಿಗಳು ಬರುವ ಭಾಗದಲ್ಲಿ ವಿಂಡೋಸ್ ಓದುವುದು ಐಎನ್‌ಎಫ್ ಕಡತವನ್ನು, ಯಾವ ಸಂಖ್ಯೆಗೆ ಯಾವ ಡ್ರೈವರ್ ಅಂತ ಬರೆದಿರುವ ಪಟ್ಟಿ ಅದು. ಒಂದರಲ್ಲಿ ಸೇರಿಸಿ ಇನ್ನೊಂದನ್ನು ಬಿಟ್ಟರೆ ಅರ್ಧ ದಾರಿಯಲ್ಲಿ ಕೈಕೊಡುತ್ತದೆ. ಎರಡನ್ನೂ ತಿದ್ದಿ, ಎನ್‌ಲೈಟ್ ಅನ್ನುವ ಪ್ರೋಗ್ರಾಂನಿಂದ ಡ್ರೈವರನ್ನು ಎಕ್ಸ್‌ಪಿ ಸಿಡಿಯೊಳಗೇ ಸೇರಿಸಿ, ಹೊಸ ಸಿಡಿ ಬರೆದುಕೊಂಡೆ. ಎಕ್ಸ್‌ಪಿಯ ಕೊನೆಯ ದೊಡ್ಡ ಅಪ್‌ಡೇಟ್ ಕಟ್ಟಾದ ಸರ್ವಿಸ್ ಪ್ಯಾಕ್ 3ನ್ನೂ ಆಗಲೇ ಸೇರಿಸಿದ್ದು ಒಳ್ಳೆಯದಾಯಿತು. ಡ್ರೈವರ್ ಸಿಡಿಯಲ್ಲೇ ಇದ್ದದ್ದರಿಂದ ಫ್ಲಾಪಿ ಡ್ರೈವ್ ಹುಡುಕುವ ಕೆಲಸ ತಪ್ಪಿತು. ಯುಎಸ್‌ಬಿ ಫ್ಲಾಪಿಗಳಲ್ಲೂ ಎಕ್ಸ್‌ಪಿ ಸೆಟಪ್ ಒಪ್ಪುವುದು ಕೆಲವೇ ಮಾದರಿಗಳನ್ನು.

ಎಎಚ್‌ಸಿಐಗೆ ಬದಲಿಸಿ, ಹೊಸ ಸಿಡಿ ಹಾಕಿ, ‘ಸ್ಟಾರ್ಟಿಂಗ್ ವಿಂಡೋಸ್’ ಬರುವ ತನಕ ಉಸಿರು ಬಿಗಿಹಿಡಿದು ಕೂತಿದ್ದೆ. 7ಬಿ ಬರಲಿಲ್ಲ. ಡಿಸ್ಕಿನ ಗಾತ್ರ ತೋರಿಸಿ, ಎಲ್ಲಿ ಹಾಕಲಿ ಅಂತ ಕೇಳಿತು.

ಎಸ್‌ಎಸ್‌ಡಿ ಹಾಕುವವರಿಗೆ ಒಂದು ಮಾತು. ಪಾರ್ಟಿಷನ್ ಮಾಡುವ ಕೆಲಸವನ್ನು ಎಕ್ಸ್‌ಪಿ ಕೈಗೆ ಕೊಡಬೇಡಿ. ಅದು 63ನೇ ಸೆಕ್ಟರಿನಿಂದ ಶುರು ಮಾಡುತ್ತದೆ, ಈಗಿನ ಡಿಸ್ಕುಗಳ 4 ಕಿಲೋಬೈಟ್ ಕಟ್ಟುಗಳ ಲೆಕ್ಕಕ್ಕೆ ಅದು ಕೂಡಿಬರುವುದಿಲ್ಲ. ಮೊದಲೇ ಲಿನಕ್ಸ್‌ನಲ್ಲೋ ವಿಂಡೋಸ್ 7ರಲ್ಲೋ 2048ನೇ ಸೆಕ್ಟರಿನಿಂದ ಪಾರ್ಟಿಷನ್ ಮಾಡಿಟ್ಟರೆ ಎಕ್ಸ್‌ಪಿ ಅದನ್ನೇ ಬಳಸಿಕೊಳ್ಳುತ್ತದೆ.

ಡೆಸ್ಕ್‌ಟಾಪ್ ಬಂದ ಮೇಲೆ ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿಯೋ ಹಳದಿ. ಇದನ್ನು ನೋಡಿ ಗಾಬರಿಯಾಗಬಾರದು. ಬಹಳಷ್ಟು ಬರೀ ಹೆಸರಿನ ಸಮಸ್ಯೆ. ಚಿಪ್‌ಸೆಟ್ ಡ್ರೈವರ್ ಅಂತ ಇಂಟೆಲ್ ಕೊಡುವ ಪ್ಯಾಕೇಜಿನಲ್ಲಿ ಹೆಚ್ಚಾಗಿ ಡ್ರೈವರೇ ಇರುವುದಿಲ್ಲ. ‘ಈ ಸಂಖ್ಯೆಯ ಸಾಧನದ ಹೆಸರು ಇದು, ಇದಕ್ಕೆ ಡ್ರೈವರ್ ಬೇಕಾಗಿಲ್ಲ’ ಅಂತ ವಿಂಡೋಸ್‌ಗೆ ಹೇಳುವ ಐಎನ್‌ಎಫ್ ಸಾಲುಗಳು, ಅಷ್ಟೇ. ‘ಎಸ್‌ಎಂ ಬಸ್ ಕಂಟ್ರೋಲರ್’ ಹಳದಿ ತೋರಿಸುತ್ತಿದ್ದರೂ ಯಂತ್ರಕ್ಕೆ ಏನೂ ಕೊರತೆ ಇಲ್ಲ. ‘ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್’ ಅಂತ ಇನ್ನೊಂದು ಬರುತ್ತದೆ, 8ಸಿ3ಎ. ಅದು ಇಂಟೆಲ್‌ನ ಮ್ಯಾನೇಜ್‌ಮೆಂಟ್ ಎಂಜಿನ್. ಸ್ಕ್ಯಾನರಿಗೂ ಅದಕ್ಕೂ ಸಂಬಂಧವಿಲ್ಲ. ಡಿಸೇಬಲ್ ಮಾಡಿ ಮುಂದೆ ಹೋದೆ.

ಹಳದಿಯ ಪಕ್ಕ ಬರುವ ಕೋಡ್ ಮಾತ್ರ ನೋಡಬೇಕು. ಕೋಡ್ 28 ಅಂದರೆ ಡ್ರೈವರ್ ಹಾಕಿಲ್ಲ. ಕೋಡ್ 10 ಅಂದರೆ ಹಾಕಿದೆ, ಆದರೆ ಸಾಧನ ಶುರುವಾಗುತ್ತಿಲ್ಲ. ಕೋಡ್ 39 ಅಂದರೆ ಡ್ರೈವರ್ ಲೋಡ್ ಆಗಲೇ ಇಲ್ಲ. 28 ಇದ್ದರೆ ಹುಡುಕಾಟ ಮುಂದುವರಿಸಿ. 39 ಬಂದರೆ ಕೈಯಲ್ಲಿರುವ ಕಡತವೇ ಈ ವಿಂಡೋಸ್‌ಗೆ ಹೊಂದುವುದಿಲ್ಲ ಅಂತ ಅನುಮಾನಿಸಿ.

ನೆಟ್‌ವರ್ಕ್ ಚಿಪ್ ರಿಯಲ್‌ಟೆಕ್, 10ಇಸಿ ಮತ್ತು 8168. ಈ 8168 ಅನ್ನುವ ಒಂದೇ ಸಂಖ್ಯೆಯನ್ನು ರಿಯಲ್‌ಟೆಕ್ ಎಷ್ಟೋ ವರ್ಷ ಎಷ್ಟೋ ಚಿಪ್ಪುಗಳಿಗೆ ಬಳಸಿದೆ. ಒಳಗಿನ ಬದಲಾವಣೆ ರೆವ್‌ನಲ್ಲಿ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಇಲ್ಲಿ ರೆವ್ ನೋಡಲೇಬೇಕು. ಹಳೇ ಸಿಡಿಯ ಡ್ರೈವರಿಗೆ ನನ್ನ ರೆವ್ ಗೊತ್ತಿರಲಿಲ್ಲ, ಹೊಸದಾದ ಎಕ್ಸ್‌ಪಿ ಡ್ರೈವರಿಗೆ ಗೊತ್ತಿತ್ತು.

ಸೌಂಡ್ ಸ್ವಲ್ಪ ಸತಾಯಿಸಿತು. ಅಲ್ಲಿ ಎರಡು ಮಹಡಿ ಇದೆ. ಮೊದಲು ಎಚ್‌ಡಿ ಆಡಿಯೊ ಬಸ್ (ಸೌಂಡ್ ಚಿಪ್ಪಿಗೆ ಹೋಗುವ ದಾರಿ) ಎದ್ದೇಳಬೇಕು, ಆಮೇಲೆ ಅದರ ಮೇಲೆ ಕೂತಿರುವ ರಿಯಲ್‌ಟೆಕ್ ಚಿಪ್ ಕಾಣುತ್ತದೆ. ಬಸ್ ಎದ್ದಿಲ್ಲದಿದ್ದರೆ ಸೌಂಡ್ ಡ್ರೈವರ್ ಎಷ್ಟು ಸಲ ಹಾಕಿದರೂ ಸಾಧನ ಸಿಗಲಿಲ್ಲ ಅನ್ನುತ್ತದೆ. ಬಸ್ ಡ್ರೈವರ್ ಬರುವುದು ಕೆಬಿ888111 ಅನ್ನುವ ಅಪ್‌ಡೇಟಿನಲ್ಲಿ. ಅದನ್ನು ಒತ್ತಿದರೆ ‘ನಿಮ್ಮ ಸರ್ವಿಸ್ ಪ್ಯಾಕ್ ಇದಕ್ಕಿಂತ ಹೊಸದು’ ಅಂತ ಹೇಳಿ ವಾಪಸ್ ಕಳಿಸುತ್ತದೆ. ಸರ್ವಿಸ್ ಪ್ಯಾಕ್ 3 ಹಾಕಿದ್ದೇ ತಪ್ಪು ಅನ್ನುವ ಹಾಗೆ! ಅಪ್‌ಡೇಟನ್ನು ಓಡಿಸದೆ ಬರೀ ಬಿಚ್ಚಿಕೊಂಡು, ಡಿವೈಸ್ ಮ್ಯಾನೇಜರಿನಿಂದ ಅದರೊಳಗಿನ ಐಎನ್‌ಎಫ್ ಕಡತವನ್ನು ಕೈಯಾರೆ ತೋರಿಸಿದೆ. ಬಸ್ ಎದ್ದಿತು, ಕೂಡಲೇ ಅದರ ಕೆಳಗೆ ಸೌಂಡ್ ಚಿಪ್ ಹೊಸ ಹಳದಿ ಗುರುತಾಗಿ ಬಂತು. ಆ ಹಳದಿ ನೋಡಿ ಅಷ್ಟು ಖುಷಿಪಟ್ಟಿದ್ದು ನಾನೊಬ್ಬನೇ ಇರಬೇಕು.

ಐಎನ್‌ಎಫ್ ತಿದ್ದುವ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಪ್ರೊಸೆಸರಿನೊಳಗೇ ಇದ್ದ ಇಂಟೆಲ್ ಗ್ರಾಫಿಕ್ಸ್‌ಗೆ ಎಕ್ಸ್‌ಪಿ ಡ್ರೈವರ್ ಇಲ್ಲ. ವಿಂಡೋಸ್ 7ರ ಡ್ರೈವರಿನ ಐಎನ್‌ಎಫ್ ತಿದ್ದಿ ಕೂರಿಸಲೂ ಆಗದು. ಡಿಸ್‌ಪ್ಲೇ ಡ್ರೈವರಿನ ಇಡೀ ವಿಧಾನವನ್ನೇ ವಿಸ್ತಾದಲ್ಲಿ ಬದಲಿಸಿದರು. ಎಕ್ಸ್‌ಪಿಗೆ ಆ ಹೊಸ ವಿಧಾನ ಅಂದರೆ ಏನು ಅಂತಲೇ ಗೊತ್ತಿಲ್ಲ. ನೆಟ್‌ವರ್ಕ್ ಡ್ರೈವರುಗಳ ಕಥೆಯೂ ಇದೇ. ಯುಎಸ್‌ಬಿ 3.0ಕ್ಕೆ ಮಾತ್ರ ಕುತೂಹಲದಿಂದ ವಿಂಡೋಸ್ 7ರ ಡ್ರೈವರ್ ಒತ್ತಾಯವಾಗಿ ಕೂರಿಸಿ ನೋಡಿದೆ. ಕೋಡ್ 39. ಆ ಕಡತವನ್ನು, ಕಡತಕ್ಕೆ ಹೊರಗಿನಿಂದ ಏನೇನು ಬೇಕು ಅಂತ ತೋರಿಸುವ ಡಿಪೆಂಡೆನ್ಸಿ ವಾಕರ್ ಪ್ರೋಗ್ರಾಂನಲ್ಲಿ ತೆರೆದರೆ ಕಾರಣ ಕೆಂಪಕ್ಷರದಲ್ಲೇ ಇತ್ತು. ಡ್ರೈವರ್ ಕರ್ನಲ್‌ನಿಂದ ಕೇಳುವ ಕೆಲವು ಫಂಕ್ಷನ್‌ಗಳು ಎಕ್ಸ್‌ಪಿಯ ಕರ್ನಲ್‌ನಲ್ಲಿ ಹುಟ್ಟಿಯೇ ಇಲ್ಲ. ಹೀಗೆ ಬೇರೆ ಕಾಲದ ಡ್ರೈವರ್ ಸಿಕ್ಕಾಗಲೆಲ್ಲ ಮೊದಲು ಅದನ್ನು ವಾಕರ್‌ನಲ್ಲಿ ತೆರೆದು ನೋಡಿ. ಕೆಂಪು ಕಂಡರೆ ಅಲ್ಲಿಗೇ ಬಿಟ್ಟುಬಿಡಿ, ಎಷ್ಟೋ ಸಮಯ ಉಳಿಯುತ್ತದೆ.

ಗ್ರಾಫಿಕ್ಸ್‌ಗೆ ಸುಲಭದ ದಾರಿ ಅಂದರೆ ಎಕ್ಸ್‌ಪಿ ಡ್ರೈವರ್ ಇರುವ ಕಾರ್ಡ್ ಹಾಕುವುದು. ಎನ್‌ವಿಡಿಯಾದಲ್ಲಿ ಜಿಟಿಎಕ್ಸ್ 960ವರೆಗೂ ಕಂಪನಿಯೇ ಎಕ್ಸ್‌ಪಿ ಡ್ರೈವರ್ ಕೊಟ್ಟಿದೆ. ಅಷ್ಟು ದೊಡ್ಡದು ನನಗೆ ಬೇಕಿರಲಿಲ್ಲ, ಅದಕ್ಕಿಂತ ಹಳೆಯ ಸಣ್ಣ ಕಾರ್ಡ್ ಸಾಕಾಯಿತು. ಯುಎಸ್‌ಬಿ 3.0 ಬೇಕೇ ಬೇಕು ಅನ್ನುವವರಿಗೂ ಇದೇ ಥರದ ದಾರಿ ಇದೆ. ಎನ್‌ಇಸಿ ಚಿಪ್ಪಿನ ಹಳೇ ಕಾರ್ಡ್, 1033 ಮತ್ತು 0194. ಆಮೇಲೆ ರೆನೆಸಾಸ್ ಹೆಸರಿಗೆ ಹೋದ ಆ ಚಿಪ್ಪಿಗೆ ಎಕ್ಸ್‌ಪಿ ಡ್ರೈವರ್ ಇದೆ.

ತಿದ್ದಿದ ಐಎನ್‌ಎಫ್ ಕೊಟ್ಟಾಗಲೆಲ್ಲ ಎಕ್ಸ್‌ಪಿ ಒಂದು ಎಚ್ಚರಿಕೆ ತೋರಿಸುತ್ತದೆ, ವಿಂಡೋಸ್ ಲೋಗೊ ಪರೀಕ್ಷೆ ಪಾಸಾಗಿಲ್ಲ ಅಂತ. ಡ್ರೈವರಿನ ಸಹಿ ಇರುವುದು ಪಕ್ಕದ ಕ್ಯಾಟಲಾಗ್ ಕಡತದಲ್ಲಿ. ಐಎನ್‌ಎಫ್‌ನಲ್ಲಿ ಒಂದಕ್ಷರ ಬದಲಾದರೂ ಸಹಿ ತಾಳೆಯಾಗುವುದಿಲ್ಲ. ಎಕ್ಸ್‌ಪಿಯಲ್ಲಿ ‘ಕಂಟಿನ್ಯೂ ಎನಿವೇ’ ಒತ್ತಿದರೆ ಮುಗಿಯಿತು. 64 ಬಿಟ್ ವಿಸ್ತಾದಿಂದ ಮುಂದೆ ಈ ವಿಷಯದಲ್ಲಿ ಬಿಗಿ ಜಾಸ್ತಿ. ಅಂದ ಹಾಗೆ, ಎಷ್ಟೋ ಐಎನ್‌ಎಫ್ ಕಡತಗಳ ತಲೆಯಲ್ಲಿ ಡಾಲರ್ ಗುರುತುಗಳ ನಡುವೆ ‘ಶಿಕಾಗೊ’ ಅಂತ ಬರೆದಿರುತ್ತದೆ. ವಿಂಡೋಸ್ 95 ತಯಾರಾಗುತ್ತಿದ್ದಾಗ ಅದಕ್ಕಿದ್ದ ಗುಪ್ತನಾಮ ಅದು.

ಯಾವ ಡ್ರೈವರ್ ಯಾಕೆ ಹೊಂದಲಿಲ್ಲ ಅಂತ ತಲೆ ಕೆಡಿಸಿಕೊಂಡಾಗ ವಿಂಡೋಸ್ ಫೋಲ್ಡರಿನಲ್ಲಿರುವ ‘ಸೆಟಪ್‌ಎಪಿಐ’ ಲಾಗ್ ತೆರೆಯಿರಿ. ಯಾವ ಸಂಖ್ಯೆಗಾಗಿ ಹುಡುಕಿದೆ, ಯಾವ ಐಎನ್‌ಎಫ್‌ನಲ್ಲಿ ಸಿಕ್ಕಿತು, ಯಾವುದನ್ನು ಆರಿಸಿತು, ಎಲ್ಲಿ ಎಡವಿತು ಎಲ್ಲವೂ ಅದರಲ್ಲಿದೆ. ಪರದೆಯ ಮೇಲೆ ಬರುವ ಸಂದೇಶಗಳಿಗಿಂತ ಇದು ಎಷ್ಟೋ ಪ್ರಾಮಾಣಿಕ.

ಇಷ್ಟೆಲ್ಲ ಯಾವುದಕ್ಕಾಗಿಯೋ ಆ ಸ್ಕಸಿ ಕಾರ್ಡಿಗೆ ಏನು ಮಾಡಬೇಕಾಯಿತು ಗೊತ್ತಾ? ಏನೂ ಇಲ್ಲ. ಅಡಾಪ್ಟೆಕ್ 2940 ಅಲ್ಟ್ರಾ, ಸಂಖ್ಯೆ 9004 ಮತ್ತು 8178. ಸ್ಲಾಟಿಗೆ ಹಾಕಿ ಯಂತ್ರ ಶುರು ಮಾಡಿದೆ, ಎಕ್ಸ್‌ಪಿ ತನ್ನ ಸಿಡಿಯಲ್ಲಿದ್ದ ಡ್ರೈವರನ್ನೇ ಹಾಕಿಕೊಂಡಿತು. ಇಡೀ ಯಂತ್ರದಲ್ಲಿ ಅತಿ ಹಳೆಯದು ಅದೇ, ಅತಿ ಕಡಿಮೆ ಕಾಟ ಕೊಟ್ಟದ್ದೂ ಅದೇ. ಉಳಿದದ್ದು ಆಸ್ಪಿ. ಸ್ಕ್ಯಾನರಿನ ಪ್ರೋಗ್ರಾಂ ಸ್ಕಸಿ ಜೊತೆ ಮಾತಾಡುವುದು ಆಸ್ಪಿ ಎಂಬ ಪದರದ ಮೂಲಕ. ವಿಂಡೋಸ್ 98ರಲ್ಲಿ ಅದು ಜೊತೆಗೇ ಬರುತ್ತಿತ್ತು, ಎಕ್ಸ್‌ಪಿಯಲ್ಲಿ ಬರುವುದಿಲ್ಲ. ಅಡಾಪ್ಟೆಕ್‌ನವರ ಆಸ್ಪಿ ಹಾಕಿ ರೀಸ್ಟಾರ್ಟ್ ಮಾಡಿದ ಮೇಲೆ ಪ್ರೋಗ್ರಾಂಗೆ ಸ್ಕ್ಯಾನರ್ ಕಂಡಿತು. ಶುರುವಾಗುವಾಗ ಸ್ಕ್ಯಾನರ್ ಆನ್ ಇರಲೇಬೇಕು, ಆಮೇಲೆ ಆನ್ ಮಾಡಿದರೆ ಕಾಣುವುದಿಲ್ಲ. ಇದು ಎಕ್ಸ್‌ಪಿಯ ತಪ್ಪಲ್ಲ, ಸ್ಕಸಿಯ ಹಳೇ ಅಭ್ಯಾಸ.

ಡೌನ್‌ಲೋಡ್ ಮಾಡಿದ ಕಡತಗಳನ್ನೆಲ್ಲ ಮೊದಲು ವೈರಸ್‌ಟೋಟಲ್ ಎಂಬ ವೈರಸ್ ಪರೀಕ್ಷೆಯ ತಾಣದಲ್ಲಿ ನೋಡಿಯೇ ಒಳಗೆ ಬಿಟ್ಟದ್ದು. ಒಂದೇ ಕಡತ ಎರಡು ಬೇರೆ ಕಡೆ ಸಿಕ್ಕರೆ ಹ್ಯಾಷ್ (ಕಡತದ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡಿದೆ. ಈಗ ಪ್ರತಿ ಡ್ರೈವರಿನ ಫೋಲ್ಡರಿಗೂ ಚಿಪ್ಪಿನ ಸಂಖ್ಯೆಯನ್ನೇ ಹೆಸರಾಗಿಟ್ಟಿದ್ದೇನೆ. ‘ಸೌಂಡ್ ಹೊಸದು ಕೊನೆಯದು’ ಅಂತೆಲ್ಲ ಹೆಸರಿಟ್ಟರೆ ಆರು ತಿಂಗಳಿಗೆ ನಮಗೇ ಅರ್ಥವಾಗುವುದಿಲ್ಲ. ನೆಟ್‌ವರ್ಕ್ ಡ್ರೈವರ್ ಸಿಕ್ಕರೂ ಕೇಬಲ್ ಮಾತ್ರ ಹಾಕಿಲ್ಲ. ಅಪ್‌ಡೇಟ್ ನಿಂತುಹೋದ ವಿಂಡೋಸ್ ಅನ್ನು ಇಂಟರ್ನೆಟ್ಟಿಗೆ ಬಿಡುವ ಧೈರ್ಯ ನನಗಿಲ್ಲ.

ಇಷ್ಟಾದ ಮೇಲೆ ಇನ್ನೂ ಹೊಸ ಬೋರ್ಡಿನಲ್ಲಿ ಆಗುತ್ತದಾ ಅಂತ 100 ಸೀರೀಸ್ ಚಿಪ್‌ಸೆಟ್ ಒಂದರಲ್ಲಿ ಪ್ರಯತ್ನಿಸಿದೆ. ಅಲ್ಲಿ ಐಡಿಇ ಆಯ್ಕೆಯೇ ಇಲ್ಲ. ಯುಎಸ್‌ಬಿ 2.0 ಕಂಟ್ರೋಲರನ್ನೂ ತೆಗೆದಿದ್ದಾರೆ, ಇರುವುದೆಲ್ಲ 3.0. ಅಂದರೆ ಸೆಟಪ್ ಅರ್ಧಕ್ಕೆ ಬಂದಾಗ ಯುಎಸ್‌ಬಿ ಕೀಬೋರ್ಡ್ ಸತ್ತುಹೋಗುತ್ತದೆ. ಕೀಬೋರ್ಡಿನ ಹಳೇ ಪಿಎಸ್/2 ಪೋರ್ಟ್ ಇದ್ದದ್ದರಿಂದ ಅಷ್ಟು ಬಚಾವಾದೆ. ಆದರೆ ಎ5 ಅನ್ನುವ ಸ್ಟಾಪ್ ಬಂತು, ಬಯಾಸ್‌ನ ಎಸಿಪಿಐ (ಪವರ್, ಸಾಧನಗಳ ವಿವರವನ್ನು ವಿಂಡೋಸ್‌ಗೆ ಕೊಡುವ ವ್ಯವಸ್ಥೆ) ನನಗೆ ಹೊಂದುತ್ತಿಲ್ಲ ಅಂತ. ಎಫ್6 ಕೇಳುವ ಹೊತ್ತಿಗೆ ಎಫ್7 ಒತ್ತಿದರೆ ಎಸಿಪಿಐ ಬಿಟ್ಟು ಮುಂದೆ ಹೋಗುತ್ತದೆ. ಹೋಗಿ ಏನು ಮಾಡುವುದು? ಒಂದೇ ಕೋರ್, ಪವರ್ ತಾನಾಗಿ ಆಫ್ ಆಗದು. ತಿದ್ದಿದ ಎಸಿಪಿಐ ಡ್ರೈವರುಗಳು ಓಡಾಡುತ್ತಿವೆ, ಎನ್‌ವಿಎಂಇ ಎಂಬ ಹೊಸ ಬಗೆಯ ಎಸ್‌ಎಸ್‌ಡಿಗೂ ಜನ ಏನೇನೋ ಮಾಡಿದ್ದಾರೆ. ಅವುಗಳಲ್ಲಿ ಬದಲಾಗಿರುವುದು ಪಟ್ಟಿಯಲ್ಲ, ಡ್ರೈವರಿನ ಕೋಡೇ. ಐಎನ್‌ಎಫ್ ಆದರೆ ಓದಿ ನೋಡಬಹುದು, ಇದನ್ನು ಹಾಗೆ ನೋಡಲಾಗದು. ಸಿಎಸ್‌ಎಂನ ಕಾಲವೂ ಮುಗಿಯುತ್ತಿದೆ. 2020ರ ಹೊತ್ತಿಗೆ ಅದನ್ನು ಕೈಬಿಡುವುದಾಗಿ ಇಂಟೆಲ್ 2017ರಲ್ಲೇ ಹೇಳಿತ್ತು.

ಆ ಬೋರ್ಡನ್ನು ವಾಪಸ್ ಪೆಟ್ಟಿಗೆಗೆ ಹಾಕಿ, ಪಿಸಿಐ ಸ್ಲಾಟ್ ಇರುವ ಇನ್ನೊಂದು 8 ಸೀರೀಸ್ ಬೋರ್ಡನ್ನು ಸಿಕ್ಕಾಗ ತೆಗೆದಿಟ್ಟುಕೊಂಡೆ. ಡಿಸ್ಕ್ ಕಂಟ್ರೋಲರ್ ಅದೇ 8ಸಿ02, ನೆಟ್‌ವರ್ಕ್ ಅದೇ 8168. ಸೌಂಡ್ ಚಿಪ್ ಮಾತ್ರ ಬೇರೆ. ಅದರ ಸಂಖ್ಯೆ ಬರೆದಿಟ್ಟಿದ್ದೇನೆ, ಡ್ರೈವರ್ ಇನ್ನೂ ಹುಡುಕಿಲ್ಲ. ಸ್ಕ್ಯಾನ್ ಮಾಡಲು ಸೌಂಡ್ ಯಾಕೆ?